ಆಗ ಯಾಕೆ ಕೂಗಿಕೊಳ್ಳಲಿಲ್ಲ ಎಂಬ ಪ್ರಶ್ನೆಯಿಂದ ಹೊರಬರುವುದು

ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದವರನ್ನು ದೊಡ್ಡವರಾದ ಮೇಲೂ ಕಾಡುವುದು ನಡೆದ ಘಟನೆಯೊಂದೇ ಅಲ್ಲ. ಆಗ ಕೂಗಲಿಲ್ಲ, ಓಡಲಿಲ್ಲ, ಯಾರಿಗೂ ಹೇಳಲಿಲ್ಲ ಎಂದು ತಮ್ಮ ಮೇಲೆ ತಾವೇ ಹೊರಿಸಿಕೊಂಡ ತಪ್ಪು ಅದಕ್ಕಿಂತ ಹೆಚ್ಚು ಹಿಂಡುತ್ತದೆ. ಚೇತರಿಕೆಯಲ್ಲಿ ಮೊದಲು ಕೈಹಾಕಬೇಕಾದ ಗಂಟು ಇದೇ ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಅಪಾಯ ಎದುರಾದಾಗ ಯೋಚನೆ ಶುರುವಾಗುವ ಮೊದಲೇ ಮೆದುಳು ಮೈಯನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳುತ್ತದೆ. ಎದುರಿಸುವುದಕ್ಕೂ ಓಡುವುದಕ್ಕೂ ದಾರಿ ಕಾಣದಿದ್ದರೆ ಮೈ ಮರಗಟ್ಟಿಬಿಡಬಹುದು, ಬಾಯಿ ತೆರೆದರೂ ದನಿ ಹೊರಡದಿರಬಹುದು. ಅದು ಒಪ್ಪಿಗೆಯಲ್ಲ, ಹೇಡಿತನವೂ ಅಲ್ಲ. ಇದನ್ನು ಒಮ್ಮೆ ಓದಿದರೆ ಮನಸ್ಸು ನಂಬುವುದಿಲ್ಲ, ಹಾಗಾಗಿ ಬರೆದು ನೋಡಿ. ಹಾಳೆಯ ಎಡಕ್ಕೆ ನಿಮ್ಮ ಆಪಾದನೆ: ‘ನಾನು ಅಮ್ಮನಿಗೆ ಹೇಳಬಹುದಿತ್ತು.’ ಬಲಕ್ಕೆ ಆಗ ನಿಮಗೆಷ್ಟು ವಯಸ್ಸು, ಮನೆಯಲ್ಲಿ ಯಾರ ಮಾತು ನಡೆಯುತ್ತಿತ್ತು, ಹೇಳಿದ್ದರೆ ಯಾರು ನಂಬುತ್ತಿದ್ದರು, ಹೋಗಲು ಬೇರೆ ಜಾಗವಿತ್ತೇ ಎಂದು ಬರೆಯಿರಿ. ಹಗಲಲ್ಲಿ, ಹದಿನೈದು ನಿಮಿಷ ಸಾಕು. ಘಟನೆಯ ವಿವರಕ್ಕೆ ಇಳಿಯಬೇಡಿ. ರಾತ್ರಿ ಒಬ್ಬರೇ ಕೂತು ಎಲ್ಲವನ್ನೂ ಬರೆಯಹೊರಟರೆ ಭಯ ಉಕ್ಕಿ ಬಂದು ನಿದ್ದೆಯೂ ಹೋಗುತ್ತದೆ, ಮತ್ತೆ ಪೆನ್ನು ಹಿಡಿಯುವ ಧೈರ್ಯವೂ ಉಳಿಯುವುದಿಲ್ಲ.

ಹಳೆಯದು ಈಗಲೇ ನಡೆಯುತ್ತಿರುವಂತೆ ಅನಿಸಿದಾಗ ಕಣ್ಣು ತೆರೆದೇ ಇರಿ, ಪಾದಗಳನ್ನು ನೆಲಕ್ಕೆ ಒತ್ತಿ. ಇವತ್ತಿನ ತಾರೀಕು, ಕೂತಿರುವ ಊರು, ಈಗಿನ ವಯಸ್ಸನ್ನು ಬಾಯಿಬಿಟ್ಟು ಹೇಳಿ. ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ ಗುರುತಿಸಿ. ನಾಲ್ಕು ಎಣಿಸುವಷ್ಟು ಉಸಿರೆಳೆದು ಆರು ಎಣಿಸುವಷ್ಟು ನಿಧಾನ ಬಿಡಿ. ಇದು ಕೈಕೊಡುವುದಕ್ಕೆ ಮುಖ್ಯ ಕಾರಣ, ಭಯ ಬಂದಾಗ ಮಾತ್ರ ಮಾಡುವುದು. ನೆಮ್ಮದಿಯಾಗಿದ್ದಾಗಲೇ ದಿನಕ್ಕೆರಡು ಸಲ ರೂಢಿ ಮಾಡಿಕೊಂಡಿರಬೇಕು. ಕಣ್ಣು ಮುಚ್ಚಿ ಉಸಿರನ್ನು ಗಮನಿಸುವ ಧ್ಯಾನ ಕೆಲವರಿಗೆ ಗಾಬರಿಯನ್ನೇ ಹೆಚ್ಚಿಸುತ್ತದೆ. ಹಾಗಾದರೆ ಬಿಟ್ಟುಬಿಡಿ, ಅದು ನಿಮ್ಮ ದೋಷವಲ್ಲ.

ಜೊತೆಗಿರುವವರಿಗೆ: ಹಿಂದಿನಿಂದ ಬಂದು ಮುಟ್ಟಬೇಡಿ. ಎದುರಿಗೆ ಬಂದು ಹೆಸರು ಹಿಡಿದು ಕರೆಯಿರಿ, ಮುಟ್ಟುವ ಮೊದಲು ಕೇಳಿ. ‘ಆದದ್ದು ಆಯ್ತು, ಮರೆತುಬಿಡು’, ‘ಮನೆ ಮರ್ಯಾದೆ ನೋಡು’ ಎಂಬ ಮಾತುಗಳು ಬಾಯಿಗೆ ಬೀಗ ಹಾಕುತ್ತವೆ. ‘ನಿನ್ನ ಮಾತು ನಂಬ್ತೀನಿ. ಈಗ ಏನು ಬೇಕು ಹೇಳು’ ಅಂದರೆ ಸಾಕು. ದೌರ್ಜನ್ಯ ಎಸಗಿದ ವ್ಯಕ್ತಿಯೂ ಬರುವ ಮದುವೆ, ಗೃಹಪ್ರವೇಶಗಳಿಗೆ ಬಲವಂತ ಮಾಡಬೇಡಿ. ಹೋಗಲೇಬೇಕಾದರೆ ಯಾರ ಪಕ್ಕ ಕೂರುವುದು, ಎಷ್ಟು ಹೊತ್ತಿಗೆ ಹೊರಡುವುದು, ಯಾವ ಗಾಡಿಯಲ್ಲಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಕ್ಷಮಿಸಿದರೆ ಮಾತ್ರ ವಾಸಿಯಾಗುತ್ತದೆ ಎಂಬುದು ಸುಳ್ಳು.

ದುಃಸ್ವಪ್ನ, ಬೆಚ್ಚಿಬೀಳುವುದು, ಜನರನ್ನು ತಪ್ಪಿಸಿಕೊಂಡು ಓಡಾಡುವುದು ತಿಂಗಳು ದಾಟಿಯೂ ನಿಲ್ಲದಿದ್ದರೆ ಚಿಕಿತ್ಸೆ ಬೇಕು. 2022ರ ಅಕ್ಟೋಬರ್ 10ರಂದು ಶುರುವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ರಲ್ಲಿ ಹಗಲಿರುಳೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಒಬ್ಬರೇ ಇರಬೇಡಿ, ಕೂಡಲೇ ಕರೆ ಮಾಡಿ. ಪ್ರಾಣಕ್ಕೆ ಅಪಾಯವೆನಿಸಿದರೆ 112. ಆಘಾತಕ್ಕೆಂದೇ ರೂಪಿಸಿದ, ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಸಿಬಿಟಿ, ಕಣ್ಣು ಅತ್ತಿತ್ತ ಆಡಿಸುತ್ತ ಹಳೆಯ ನೆನಪಿನ ಕಾವು ಇಳಿಸುವ ಇಎಂಡಿಆರ್‌ನಂಥ ಥೆರಪಿಗಳು ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟರಿಂದ ಹದಿನೈದು ಭೇಟಿ ಹಿಡಿಯುತ್ತವೆ. ವರ್ಷಗಟ್ಟಲೆ ನಡೆದ ದೌರ್ಜನ್ಯಕ್ಕೆ ಇನ್ನೂ ಹೆಚ್ಚು ಬೇಕಾಗಬಹುದು. ಖಿನ್ನತೆ, ಆತಂಕಕ್ಕೆ ಕೊಡುವ ಸರ್ಟ್ರಲಿನ್‌ನಂಥ ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು, ಎಂಟು ದಿನಕ್ಕೇ ನಿಲ್ಲಿಸಬೇಡಿ. ಗಾಬರಿ ತಗ್ಗಿಸಲು ಕೊಡುವ ಅಲ್ಪ್ರಜೋಲಾಮ್ ಬೇಗ ಅಭ್ಯಾಸವಾಗಿಬಿಡುತ್ತದೆ, ಆಘಾತವನ್ನು ವಾಸಿಮಾಡುವುದಿಲ್ಲ.

ಮೊದಲ ಭೇಟಿಯಲ್ಲೇ ಎಲ್ಲ ಹೇಳಬೇಕಿಲ್ಲ. ‘ಹಳೆಯ ಘಟನೆಯೊಂದಿದೆ, ಇವತ್ತು ವಿವರ ಬೇಡ’ ಎಂದು ಹೇಳಿ ನಿದ್ದೆ, ಭಯದ ಬಗ್ಗೆ ಮಾತಾಡಿ. ಅಷ್ಟಕ್ಕೆ ಒಪ್ಪದೆ ವಿವರಕ್ಕೆ ಪೀಡಿಸುವವರು ಅಥವಾ ‘ನೀವ್ಯಾಕೆ ಕೂಗಲಿಲ್ಲ’ ಎನ್ನುವವರು ಸಿಕ್ಕರೆ ಎದ್ದು ಬನ್ನಿ, ಬೇರೆಯವರನ್ನು ಹುಡುಕಿ.