“ನೀವೇ ಹೇಳಿಬಿಡಿ” ಎಂದಾಗ

ಕೈಪಂಪು ಕೆಟ್ಟು ಮೂರು ವಾರ. ಸಂಜೆಯ ಸಭೆಗೆ 30 ಜನ ಸೇರಿದ್ದಾರೆ. ಸಮುದಾಯ ಕಾರ್ಯಕರ್ತೆ ಕೂರುವ ಮೊದಲೇ ಒಬ್ಬರು ಎದ್ದು, “ನೀವೇ ಹೇಳಿಬಿಡಿ ಮೇಡಂ, ಹಾಗೇ ಮಾಡ್ತೀವಿ” ಅನ್ನುತ್ತಾರೆ.

ಹೇಳಿಬಿಡುವುದು ಸುಲಭ. ಸಮಿತಿ ಮಾಡಿ, ಮನೆಗಿಷ್ಟು ಅಂತ ಹಣ ಎತ್ತಿ, ಮೆಕ್ಯಾನಿಕ್ ಕರೆಸಿ: 10 ನಿಮಿಷದ ಮಾತು. ಇದು ನಿರ್ದೇಶನದ ದಾರಿ. ಪಂಪು ರಿಪೇರಿಯೂ ಆಗುತ್ತದೆ. ಆದರೆ ಮುಂದಿನ ಸಲ ವಾಷರ್ ಸವೆದಾಗ ಅದು “ಆಫೀಸಿನವರ ಪಂಪು”. ಅವರೇ ಬರಲಿ ಎಂದು ಕಾಯುತ್ತಾರೆ. ಇದರಲ್ಲಿ ಜನರ ತಪ್ಪಿಲ್ಲ, ತೀರ್ಮಾನ ಅವರದ್ದಾಗಿರಲೇ ಇಲ್ಲ.

ಹಾಗಂತ ನಿರ್ದೇಶಿಸದಿರುವುದು ಎಂದರೆ ಬಾಯಿ ಮುಚ್ಚಿ ಕೂರುವುದಲ್ಲ. 1960ರ ದಶಕದಲ್ಲಿ ಸಮುದಾಯ ಅಭಿವೃದ್ಧಿ ಕೆಲಸದ ಬಗ್ಗೆ ಬರೆದ ಟಿ. ಆರ್. ಬ್ಯಾಟನ್ ಈ ಎರಡು ದಾರಿಗಳನ್ನು ಬಿಡಿಸಿಟ್ಟಾಗಲೂ ಕಾರ್ಯಕರ್ತರಿಗೆ ಕೈತುಂಬ ಕೆಲಸ ಕೊಟ್ಟಿದ್ದರು: “ಏನೋ ಸರಿಯಿಲ್ಲ” ಎಂಬ ಮಸುಕಾದ ಅಸಮಾಧಾನ “ನಮಗೆ ಇಂಥದ್ದು ಬೇಕು” ಎಂದಾಗುವವರೆಗೆ, ಆಮೇಲೆ ಯೋಜನೆ ಹಾಕಿ ಮಾಡಿ ಮುಗಿಸುವವರೆಗೆ, ಪ್ರಶ್ನೆ ಕೇಳುತ್ತ ಜೊತೆಗಿರುವುದು.

ಪ್ರಶ್ನೆಯಲ್ಲೇ ಎಲ್ಲ ಇದೆ. “ಸಮಿತಿ ಮಾಡೋಣವೇ?” ಎಂದರೆ “ಹೂಂ” ಬರುತ್ತದೆ, ಅಷ್ಟೆ. “ಪೂರ್ತಿ ಕೆಡೋ ಮುಂಚೆ ಏನೇನು ಬದಲಾಗಿತ್ತು?” ಎಂದು ಕೇಳಿ 20 ಸೆಕೆಂಡು ಸುಮ್ಮನಿರಬೇಕು. ಆ ಮೌನ ತಡೆಯಲಾರದೆ ತಾವೇ ಉತ್ತರ ಹೇಳಿಬಿಡುವುದು ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು. ಕಾದರೆ ಹಿಂದಿನಿಂದ ಒಂದು ದನಿ: “ಬೆಳಿಗ್ಗೆ ಮೊದಲ ನೀರಿಗೆ ನಾಲ್ಕು ಸಲ ಒತ್ತಿದ್ರೆ ಸಾಕಿತ್ತು. ಆಮೇಲಾಮೇಲೆ ಇಪ್ಪತ್ತು ಸಲ ಒತ್ತಬೇಕಾಯ್ತು.”

ಇಲ್ಲಿ ಕಾರ್ಯಕರ್ತೆ ನೇರವಾಗಿ ಮಾತಾಡಬೇಕು: ಪೈಪಿನ ಬುಡದಲ್ಲಿ ನೀರು ಹಿಂದಕ್ಕಿಳಿಯದಂತೆ ತಡೆಯುವ ಫುಟ್‌ವಾಲ್ವ್ ಸೋರಿದರೆ ಪೈಪಿನಲ್ಲಿ ನಿಂತ ನೀರು ರಾತ್ರಿ ಇಳಿದುಹೋಗುತ್ತದೆ, ಪಂಪು ಕೆಡುವ ಸೂಚನೆ ಅದು. ಗೊತ್ತಿದ್ದೂ ಇದನ್ನು ಮುಚ್ಚಿಟ್ಟರೆ ಜನರಿಗೆ ಮೋಸ. ಮಾಹಿತಿ ಕೊಡುವುದು ನಿರ್ದೇಶನವಲ್ಲ. ಆ ಸೂಚನೆಯನ್ನು ಯಾರು ಗಮನಿಸಬೇಕು, ಹಣ ಎಲ್ಲಿಂದ ಬರಬೇಕು ಎನ್ನುವುದು ಅವರಿಗೆ ಬಿಟ್ಟದ್ದು.

ಜೋರು ದನಿಯ ಇಬ್ಬರೇ ಸಭೆ ನುಂಗಿಬಿಡುವುದುಂಟು. ಆಗ ಐದಾರು ಜನರ ಗುಂಪುಗಳಾಗಿ ಒಡೆಯಬೇಕು. ದಿನಾ ನೀರು ಹೊರುವವರದ್ದು ಬೇರೆ ಗುಂಪು. ಹಲಗೆಯ ಮೇಲೆ ಅವರ ಮಾತನ್ನೇ ಬರೆಯಬೇಕು. “ಒತ್ತಿ ಒತ್ತಿ ಕೈ ಸೋತುಹೋಯ್ತು” ಎಂದದ್ದು “ನೀರಿನ ಅಭಾವ” ಆಗಬಾರದು. ಆ ಮಾತು ಹೋದರೆ ಜನವೂ ಹೋಗುತ್ತಾರೆ.

ನೀರು ಕಲುಷಿತವಾಗಿದೆ ಎಂಬ ಅನುಮಾನ ಬಂದರೆ ಮಾತ್ರ ಚರ್ಚೆ ಬೇಡ. ಇವತ್ತಿನಿಂದಲೇ ಇದನ್ನು ಕುಡಿಯಬೇಡಿ ಎಂದು ಹೇಳಲೇಬೇಕು. ಮೇಲಿನವರು ಆಗಲೇ ತೀರ್ಮಾನಿಸಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ, ಉಳಿದದ್ದರ ಬಗ್ಗೆಯಷ್ಟೇ ಕೇಳಬೇಕು. ಮುಗಿದ ವಿಷಯದ ಬಗ್ಗೆ ಅಭಿಪ್ರಾಯ ಕೇಳುವುದು ಅಪ್ಪಣೆ ಕೊಡುವುದಕ್ಕಿಂತ ಕೆಟ್ಟದ್ದು.

ಒಂದೇ ಸಂಜೆಗೆ ತೀರ್ಮಾನವಾಗದಿದ್ದರೂ ಪರವಾಗಿಲ್ಲ. ಏಳುವ ಮುಂಚೆ ಒಂದೇ ಪ್ರಶ್ನೆ: “ಮುಂದಿನ ಸಭೆ ಯಾವತ್ತು, ಅಷ್ಟರಲ್ಲಿ ಯಾರು ಏನು ವಿಚಾರಿಸಿಕೊಂಡು ಬರ್ತೀರಿ?” ಹೆಸರು, ತಾರೀಖನ್ನು ಅವರಲ್ಲೇ ಒಬ್ಬರು ಬರೆದುಕೊಳ್ಳಲಿ. ಆ ಹಾಳೆ ಅವರ ಹತ್ತಿರವೇ ಇರಲಿ, ಕಾರ್ಯಕರ್ತೆಯ ಬ್ಯಾಗಿಗೆ ಹೋಗುವುದು ಬೇಡ.