ದಿನಕ್ಕೆ ನಾಲ್ಕು ಮಾಲಾ-ಎನ್

"ಎಡಗಾಲು ಬಾತೈತ್ರೀ ಸರ್, ನಡಿಯಾಕ ಆಗವಲ್ದು" ಎನ್ನುತ್ತ ಅವರು ಸೀರೆ ಕೊಂಚ ಎತ್ತಿ ತೋರಿಸಿದರು. ಸಂತೆಯ ದಿನ, ಬಾಗಲಕೋಟೆ ಕಡೆಯ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ತುಂಬ ಜನ. ಮೀನಖಂಡ ಮುಟ್ಟಿದರೆ ಬಿಸಿ, ಒತ್ತಿದರೆ ನೋವು. ಯಾವುದಾದರೂ ಮಾತ್ರೆ ತಗೋತೀರಾ ಎಂದೆ. ಸುಮ್ಮನಾದರು. ಸಿಸ್ಟರ್ ಎದ್ದು ಬಾಗಿಲು ಹಾಕಿದ ಮೇಲೆ ಚೀಲದಿಂದ ತೆಗೆದಿಟ್ಟದ್ದು ಮಾಲಾ-ಎನ್. ನಮ್ಮ ಆಶಾ ಕಾರ್ಯಕರ್ತೆಯರು ಹಂಚುವ ಗರ್ಭನಿರೋಧಕ ಮಾತ್ರೆ! ಅವರು ಟ್ರಾನ್ಸ್ ಮಹಿಳೆ, ಗಂಡೆಂದು ಗುರುತಿಸಲ್ಪಟ್ಟು ಹುಟ್ಟಿ ಹೆಣ್ಣಾಗಿ ಬದುಕುತ್ತಿರುವವರು. ಮೈ ಹೆಣ್ಣಾಗಲಿ ಎಂದು ದಿನಕ್ಕೆ ನಾಲ್ಕು ನುಂಗುತ್ತಿದ್ದರು. ಪಟ್ಟಿಯಲ್ಲಿನ 7 ಕಬ್ಬಿಣಾಂಶದ ಮಾತ್ರೆಗಳನ್ನು ಮುಟ್ಟಿರಲಿಲ್ಲ. ಹಾರ್ಮೋನ್ ಇರುವುದು ಉಳಿದ 21ರಲ್ಲಿ ಎಂದು ಗೆಳತಿಯರು ಹೇಳಿಕೊಟ್ಟಿದ್ದರಂತೆ.

"ಡಾಕ್ಟರ್‌ನ್ನ ಕೇಳಬೇಕಿತ್ತಲ್ರೀ" ಎಂದರು ಸಿಸ್ಟರ್.

"ಕೇಳಿದ್ನ್ಯವ್ವಾ. ಹೊರಗ ಹೋಗು ಅಂದ್ರು."

ಆ ಮಾತ್ರೆಯಲ್ಲಿರುವ ಎಥಿನೈಲ್ ಈಸ್ಟ್ರಡಯಾಲ್ ಎಂಬ ಕೃತಕ ಹೆಣ್ಣು ಹಾರ್ಮೋನ್ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತದೆ. ಮೈಯನ್ನು ಮನಸ್ಸಿನ ಲಿಂಗತ್ವಕ್ಕೆ ಹೊಂದಿಸುವ, ಅಂದರೆ ಲಿಂಗತ್ವ ದೃಢೀಕರಣದ ಚಿಕಿತ್ಸೆಗೆ ಅದು ಬೇಡವೆಂದೇ ಮಾರ್ಗಸೂಚಿಗಳಿವೆ. ಕೂಡಲೇ ಜಿಲ್ಲಾಸ್ಪತ್ರೆಗೆ ಕಳಿಸಿದೆ. ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಒಳಗಿನ ರಕ್ತನಾಳದಲ್ಲಿ ಹೆಪ್ಪು ಕಂಡಿತು. ಅದು ಶ್ವಾಸಕೋಶಕ್ಕೆ ಏರಿದ್ದರೆ ಜೀವಕ್ಕೇ ಕುತ್ತು.

ಹೆಪ್ಪು ಕರಗಲು ತಿಂಗಳುಗಟ್ಟಲೆ ಚಿಕಿತ್ಸೆ ನಡೆಯಿತು. ಆಮೇಲೆ ಹುಬ್ಬಳ್ಳಿಯ ಹಾರ್ಮೋನ್ ತಜ್ಞರು ಚರ್ಮಕ್ಕೆ ಹಚ್ಚುವ ಈಸ್ಟ್ರಡಯಾಲ್ ಜೆಲ್, ಜೊತೆಗೆ ಗಂಡು ಹಾರ್ಮೋನ್ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಬರೆದರು. ಜೆಲ್‌ನಿಂದ ಹೆಪ್ಪಿನ ಅಪಾಯ ಕಡಿಮೆ. ನೋಡಿಕೊಳ್ಳುವ ಕೆಲಸ ನಮ್ಮದಾಯಿತು.

"ಇದನ್ನ ನಾವು ಮಾಡಬಹುದಾ ಸರ್?" ಸಿಸ್ಟರ್‌ಗೆ ಅನುಮಾನ. ಯಾಕೆ ಮಾಡಬಾರದು? ಸ್ಪೈರೊನೊಲ್ಯಾಕ್ಟೋನ್ ಹೃದಯದ ರೋಗಿಗಳಿಗೆ ಕೊಡುತ್ತಲೇ ಬಂದಿರುವ ಮಾತ್ರೆ. ಬಿಪಿ ನೋಡಬೇಕು, ಈ ಮಾತ್ರೆಯಿಂದ ರಕ್ತದಲ್ಲಿ ಪೊಟ್ಯಾಸಿಯಂ ಏರದಂತೆ ಕಾಯಬೇಕು, ಕಾಲು ಬಾತಿದೆಯೇ, ಎದೆ ನೋವಿದೆಯೇ ಎಂದು ವಿಚಾರಿಸಬೇಕು, ಮನಸ್ಸು ಹೇಗಿದೆ ಎಂದು ಕೂರಿಸಿ ಕೇಳಬೇಕು. ಇದರಲ್ಲಿ ನಮಗೆ ಬಾರದ್ದು ಯಾವುದಿದೆ? ಹಾರ್ಮೋನ್ ಚಿಕಿತ್ಸೆಯ ವ್ಯವಸ್ಥೆ ಸರ್ಕಾರದ ಹೊಣೆ ಎಂದು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕು ರಕ್ಷಣೆಯ 2019ರ ಕಾಯ್ದೆಯಲ್ಲೇ ಬರೆದಿದೆ. ಆದರೂ ಇಂಥವರು ಬಂದರೆ ದೊಡ್ಡ ಊರಿನ ದಾರಿ ತೋರಿಸುವುದೇ ರೂಢಿ. ಬಸ್ ಚಾರ್ಜು, ಒಂದು ದಿನದ ದುಡಿಮೆ ಎರಡನ್ನೂ ಕಳೆದುಕೊಳ್ಳಲಾರದವರು ಮತ್ತೆ ಮಾಲಾ-ಎನ್‌ಗೇ ಮರಳುತ್ತಾರೆ. ಇದು ನನಗೆ ಸಹಿಸಲಾಗದ ಸಂಗತಿ.

ಪೊಟ್ಯಾಸಿಯಂ ಪರೀಕ್ಷೆ ನಮ್ಮ ಲ್ಯಾಬಿನಲ್ಲಿಲ್ಲ. ರಕ್ತದ ಮಾದರಿ ತಾಲ್ಲೂಕು ಆಸ್ಪತ್ರೆಗೆ ಹೋಗುವುದು ಗುರುವಾರದ ಗಾಡಿಯಲ್ಲಿ. ಹಾಗಾಗಿ ಗುರುವಾರ ಬೆಳಿಗ್ಗೆಯೇ ಬನ್ನಿ ಎಂದಿದ್ದೇವೆ. ಈಗ ಇಬ್ಬರು ಗೆಳತಿಯರೂ ಜೊತೆಗೆ ಬರುತ್ತಾರೆ. ಅವರ ಚೀಲದಲ್ಲಿದ್ದದ್ದೂ ಮಾಲಾ-ಎನ್ನೇ. ಇಬ್ಬರನ್ನೂ ತಜ್ಞರಿಗೆ ತೋರಿಸುವ ಏರ್ಪಾಡು ನಡೆದಿದೆ.