ಐದು ವರ್ಷ ಪಾಠ ಹೇಳಿದ ಮೇಲೆ 17,500 ಡಾಲರ್: ಲೆಕ್ಕ ತಪ್ಪುವುದು ಎಲ್ಲಿ?

ಸಾಲ ಮನ್ನಾ ಎಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ರೈತರ ಸಾಲ. ಸರ್ಕಾರ ಘೋಷಿಸುತ್ತದೆ, ಆಮೇಲೆ ಬ್ಯಾಂಕಿನ ಮುಂದೆ ಪಹಣಿ ಹಿಡಿದು ಸಾಲು ನಿಲ್ಲುತ್ತದೆ. ಅಮೆರಿಕದಲ್ಲಿ ಮೇಷ್ಟ್ರುಗಳಿಗೆ ಸಿಗುವ ವಿದ್ಯಾಸಾಲದ ಮನ್ನಾ ಇದಕ್ಕೆ ತದ್ವಿರುದ್ಧ. ನಿಯಮ ಮೊದಲೇ ಬರೆದಿಟ್ಟಿರುತ್ತದೆ. ಅದರಂತೆ ಐದು ವರ್ಷ ದುಡಿದು, ದುಡಿದದ್ದಕ್ಕೆ ಸಾಕ್ಷಿ ತಂದು, ಕೊನೆಗೆ ಅರ್ಜಿ ಹಾಕಬೇಕು. ನಡುವೆ ಎಲ್ಲಿ ಎಡವಿದರೂ ‘ನೀವು ಎಡವಿದ್ದೀರಿ’ ಎಂದು ಹೇಳುವವರು ಯಾರೂ ಇರುವುದಿಲ್ಲ. ಗೊತ್ತಾಗುವುದು ಐದನೇ ವರ್ಷ ಮುಗಿದ ಮೇಲೆಯೇ.

ಇದರ ಬೇರು ಹಳೆಯದು. 1957ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹ ಹಾರಿಸಿದಾಗ ಅಮೆರಿಕಕ್ಕೆ ತನ್ನ ಗಣಿತ, ವಿಜ್ಞಾನದ ತರಗತಿಗಳ ಚಿಂತೆ ಹತ್ತಿತು. ಮರುವರ್ಷ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ನ್ಯಾಷನಲ್ ಡಿಫೆನ್ಸ್ ಎಜುಕೇಶನ್ ಆಕ್ಟ್ ಪ್ರಕಾರ, ಸಾಲ ಮಾಡಿ ಓದಿದವರು ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದರೆ ವರ್ಷಕ್ಕೆ ಶೇ 10ರಂತೆ ಅರ್ಧದವರೆಗೆ ಸಾಲ ಕಳೆಯುತ್ತಿತ್ತು. ಈಗಿನ ಮನ್ನಾ ಯೋಜನೆಯಾದ ಟೀಚರ್ ಲೋನ್ ಫರ್ಗಿವ್‌ನೆಸ್ ಬಂದದ್ದು 1998ರಲ್ಲಿ, ಎಲ್ಲರಿಗೂ 5,000 ಡಾಲರ್ ವರೆಗೆ ಎಂದು. 2004ರಲ್ಲಿ ಶಿಕ್ಷಕರ ಕೊರತೆ ಇರುವ ವಿಷಯದವರಿಗೆ ಮಾತ್ರ ಅದನ್ನು 17,500ಕ್ಕೆ ಏರಿಸಿದರು. ಅಲ್ಲಿಂದೀಚೆಗೆ ಕಾಲೇಜು ಫೀಸು ಎಲ್ಲಿಗೋ ಹೋಗಿದೆ. ಈ ಅಂಕಿ ಮಾತ್ರ ಕದಲಿಲ್ಲ.

17,500 ಯಾರಿಗೆ? ಮಾಧ್ಯಮಿಕ (ಸೆಕೆಂಡರಿ) ಮಟ್ಟದಲ್ಲಿ ಪೂರ್ಣಾವಧಿ ಗಣಿತ ಅಥವಾ ವಿಜ್ಞಾನ ಹೇಳುವವರಿಗೆ, ಮತ್ತು ಯಾವ ಮಟ್ಟದಲ್ಲಾದರೂ ಸ್ಪೆಷಲ್ ಎಜುಕೇಶನ್ (ವಿಶೇಷ ಅಗತ್ಯದ ಮಕ್ಕಳ ಶಿಕ್ಷಣ) ಕಲಿಸುವವರಿಗೆ. ಐದನೇ ತರಗತಿಗೆ ದಿನವಿಡೀ ಗಣಿತವನ್ನೇ ಹೇಳಿದರೂ ಅದು ಪ್ರಾಥಮಿಕ ಶಾಲೆಯಾದರೆ 5,000 ಮಾತ್ರ. ಮಿಡಲ್ ಸ್ಕೂಲಿನದು ಎರಡಲುಗಿನ ಕತ್ತಿ: ಅದು ಪ್ರಾಥಮಿಕವೋ ಮಾಧ್ಯಮಿಕವೋ ಎಂಬುದು ಆಯಾ ರಾಜ್ಯದ ಕಾನೂನಿನ ಮೇಲೆ ನಿಂತಿದೆ. ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ವ್ಯತ್ಯಾಸ 12,500 ಡಾಲರ್. ಲೈಬ್ರೇರಿಯನ್, ಕೌನ್ಸೆಲರ್ ಇವರನ್ನು ಈ ಯೋಜನೆ ಶಿಕ್ಷಕರೆಂದು ಲೆಕ್ಕಿಸುವುದೇ ಇಲ್ಲ.

ಶಾಲೆಯೂ ಪಟ್ಟಿಯಲ್ಲಿರಬೇಕು. ಶೇ 30ಕ್ಕಿಂತ ಹೆಚ್ಚು ಮಕ್ಕಳು ಕಡಿಮೆ ಆದಾಯದ ಮನೆಯವರಾಗಿರುವ ಶಾಲೆಗಳ ಪಟ್ಟಿಯೊಂದನ್ನು ಶಿಕ್ಷಣ ಇಲಾಖೆ ವರ್ಷ ವರ್ಷವೂ ಪ್ರಕಟಿಸುತ್ತದೆ. ನೀವು ಸೇರಿದ ವರ್ಷ ಶಾಲೆ ಪಟ್ಟಿಯಲ್ಲಿದ್ದು ಆಮೇಲೆ ಬಿಟ್ಟುಹೋದರೂ, ಅದೇ ಶಾಲೆಯಲ್ಲಿ ಮುಂದುವರಿದರೆ ಆ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ತಿರುಗಾಮುರುಗಾ ಆದರೆ ಬರುವುದಿಲ್ಲ: ಸೇರಿದಾಗ ಪಟ್ಟಿಯಲ್ಲಿಲ್ಲದೆ ಎರಡನೇ ವರ್ಷ ಸೇರ್ಪಡೆಯಾದರೆ ನಿಮ್ಮ ಐದು ವರ್ಷ ಶುರುವಾಗುವುದು ಆ ಎರಡನೇ ವರ್ಷದಿಂದ. ಬ್ಯೂರೋ ಆಫ್ ಇಂಡಿಯನ್ ಎಜುಕೇಶನ್ ನಡೆಸುವ ಶಾಲೆಗಳೆಲ್ಲವೂ ಅರ್ಹ (ಇಲ್ಲಿ ‘ಇಂಡಿಯನ್’ ಎಂದರೆ ನಾವಲ್ಲ, ಅಲ್ಲಿನ ಮೂಲನಿವಾಸಿಗಳು).

ಇನ್ನು ದೊಡ್ಡ ಗುಂಡಿ. ಶಿಕ್ಷಕರಿಗೆ ರಾಜ್ಯದ ಪೂರ್ಣ ಪರವಾನಗಿ ಇರಬೇಕು. ತುರ್ತು, ತಾತ್ಕಾಲಿಕ, ಪ್ರೊವಿಷನಲ್ ಎಂಬ ಹೆಸರಿನಲ್ಲಿ ಅರ್ಹತೆಯನ್ನು ಸಡಿಲಿಸಿ ಕೊಟ್ಟ ಪರವಾನಗಿ ನಡೆಯುವುದಿಲ್ಲ. ಆದರೆ ಗಣಿತಕ್ಕೆ, ಭೌತಶಾಸ್ತ್ರಕ್ಕೆ, ಸ್ಪೆಷಲ್ ಎಜುಕೇಶನ್‌ಗೆ ಜನ ಸಿಗದೆ ಶಾಲೆಗಳು ತೆಗೆದುಕೊಳ್ಳುವುದು ಎಷ್ಟೋ ಸಲ ಇಂಥ ತುರ್ತು ಪರವಾನಗಿಯ ಮೇಲೆಯೇ! ಕೊರತೆ ನೀಗಿಸಲೆಂದು ಕರೆದವರ ಮೊದಲ ವರ್ಷಗಳನ್ನು, ಕೊರತೆ ನೀಗಿಸಲೆಂದೇ ಇರುವ ಯೋಜನೆ ಎಣಿಸುವುದಿಲ್ಲ. ಯೋಜನೆಯ ಅತಿ ದೊಡ್ಡ ದೋಷ ಇದೇ ಎಂದು ನನ್ನ ಲೆಕ್ಕ. ಹೀಗಾಗಿ ಕೈಯಲ್ಲಿರುವ ಪರವಾನಗಿಯ ಮೇಲೆ ಯಾವ ಪದ ಅಚ್ಚಾಗಿದೆ ಎಂದು ಓದಿ ನೋಡಿ. ಪೂರ್ಣ ಪರವಾನಗಿಗೆ ಬೇಕಾದ ಪರೀಕ್ಷೆಯನ್ನು ‘ಮುಂದಿನ ಬೇಸಿಗೆಗೆ ನೋಡೋಣ’ ಎಂದು ತಳ್ಳಿದರೆ ತಳ್ಳಿದಷ್ಟು ವರ್ಷ ಹೋಯಿತು.

ಐದು ವರ್ಷ ಎಂದರೆ ಐದು ಪೂರ್ಣ ಶೈಕ್ಷಣಿಕ ವರ್ಷ, ಒಂದರ ಬೆನ್ನಿಗೊಂದು. ಶಾಲೆ ಬದಲಿಸಬಹುದು, ಆದರೆ ನಡುವೆ ತೂತು ಬೀಳಕೂಡದು. ಬಾಣಂತನಕ್ಕೋ ಕಾಯಿಲೆಗೋ ಕಾನೂನುಬದ್ಧ ರಜೆ ಹಾಕಿದ್ದು, ತಮ್ಮ ವಿಷಯದಲ್ಲೇ ಮುಂದೆ ಓದಲು ಹೋದದ್ದು, ಸೇನೆಯಿಂದ ಕರೆ ಬಂದದ್ದು, ಈ ಮೂರಕ್ಕೆ ರಿಯಾಯಿತಿ ಇದೆ. ಅದಕ್ಕೂ ಆ ವರ್ಷದ ಕನಿಷ್ಠ ಅರ್ಧ ಪಾಠ ಮುಗಿದಿರಬೇಕು, ಒಪ್ಪಂದ ಪೂರೈಸಿದ್ದಾರೆ ಎಂದು ಶಾಲೆ ಒಪ್ಪಬೇಕು. ಊರಿಗೆ ಹೋಗಿ ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಒಂದು ವರ್ಷ ಕೆಲಸ ಬಿಟ್ಟು ಬಂದರೆ ಎಣಿಕೆ ಮತ್ತೆ ಒಂದರಿಂದ.

ಯಾವ ಸಾಲ? ಫೆಡರಲ್ (ಅಂದರೆ ಕೇಂದ್ರ) ಸರ್ಕಾರದ ಡೈರೆಕ್ಟ್ ಸಬ್ಸಿಡೈಸ್ಡ್, ಅನ್‌ಸಬ್ಸಿಡೈಸ್ಡ್ ಸಾಲಗಳು ಮತ್ತು ಹಳೆಯ ಸ್ಟ್ಯಾಫರ್ಡ್ ಸಾಲಗಳು. ಪೋಷಕರು ಮುಂತಾದವರು ಮಾಡುವ ಪ್ಲಸ್ ಎಂಬ ಫೆಡರಲ್ ಸಾಲ ಸೇರುವುದಿಲ್ಲ. ಬಡ್ಡಿ ಅರ್ಧ ಪರ್ಸೆಂಟ್ ಕಡಿಮೆ ಎಂದು ಖಾಸಗಿ ಕಂಪನಿಗೆ ರೀಫೈನಾನ್ಸ್ ಮಾಡಿಸಿದರಂತೂ (ಸಾಲ ವರ್ಗಾಯಿಸಿದರಂತೂ) ಆ ಸಾಲಕ್ಕೆ ಈ ಬಾಗಿಲು ಶಾಶ್ವತವಾಗಿ ಮುಚ್ಚಿತು. ಬಡ ವಿದ್ಯಾರ್ಥಿಗಳಿಗೆ ಕಾಲೇಜಿನ ಮೂಲಕ ಕೊಡುತ್ತಿದ್ದ ಹಳೆಯ ಪರ್ಕಿನ್ಸ್ ಸಾಲ ಇದ್ದವರ ದಾರಿ ಬೇರೆ, ಮತ್ತು ಇನ್ನೂ ಚೆನ್ನ: ಮೊದಲೆರಡು ವರ್ಷ ತಲಾ ಶೇ 15, ಆಮೇಲೆರಡು ವರ್ಷ ತಲಾ ಶೇ 20, ಐದನೆಯದಕ್ಕೆ ಶೇ 30, ಅಲ್ಲಿಗೆ ಪೂರ್ತಿ ಸಾಲ ಮನ್ನಾ. ಹೊಸ ಪರ್ಕಿನ್ಸ್ ಸಾಲ 2017ರಲ್ಲೇ ನಿಂತಿದೆ. ಉಳಿದಿರುವವರು ಅದನ್ನು ಬೇರೆ ಸಾಲದೊಂದಿಗೆ ಕನ್ಸಾಲಿಡೇಟ್ ಮಾಡಿಸಿದರೆ (ಒಂದೇ ಸಾಲವಾಗಿ ಸೇರಿಸಿದರೆ) ಈ ಹಕ್ಕು ಕೈತಪ್ಪುತ್ತದೆ.

ಈಗ ಒಂದು ಲೆಕ್ಕ, ಕಾಗದ ಪೆನ್ನು ಹಿಡಿದು. ಸಾಲ 24,000 ಡಾಲರ್, ಬಡ್ಡಿ ಶೇ 5 ಎಂದಿಟ್ಟುಕೊಳ್ಳಿ. ಸಾಮಾನ್ಯ ಹತ್ತು ವರ್ಷದ ಕಂತಾದರೆ ತಿಂಗಳಿಗೆ ಸುಮಾರು 255. ಐದು ವರ್ಷಕ್ಕೆ 15,300ರ ಹತ್ತಿರ ಕಟ್ಟಿರುತ್ತೀರಿ, ಬಾಕಿ 13,500ರಷ್ಟು ಇರುತ್ತದೆ. ಮನ್ನಾ ಆಗುವುದು ಆ 13,500 ಮಾತ್ರ. 17,500ರಲ್ಲಿ ಮಿಕ್ಕ 4,000 ನಿಮ್ಮ ಪಾಲಿಗೆ ಬರುವುದೇ ಇಲ್ಲ, ಕಟ್ಟಿದ್ದನ್ನು ಯಾರೂ ವಾಪಸು ಕೊಡುವುದಿಲ್ಲ. ಅದೇ ಆದಾಯಕ್ಕೆ ತಕ್ಕ ಕಂತಿನಲ್ಲಿ ಬಡ್ಡಿಯಷ್ಟನ್ನೇ, ಅಂದರೆ ತಿಂಗಳಿಗೆ 100 ಕಟ್ಟುವ ಅವಕಾಶವಿದ್ದರೆ, ಐದು ವರ್ಷಕ್ಕೆ ಹೋಗುವುದು 6,000. ಅಸಲು 24,000 ಹಾಗೇ ಇರುತ್ತದೆ, 17,500 ಪೂರ್ತಿ ಮನ್ನಾ, ಉಳಿದ 6,500 ಕಟ್ಟಿದರೆ ಒಟ್ಟು 12,500. ಬೇಗ ಸಾಲ ತೀರಿಸಬೇಕೆಂಬ ನಮ್ಮ ಮಧ್ಯಮವರ್ಗದ ಗುಣ ಇಲ್ಲಿ ಮಾತ್ರ ನಷ್ಟಕ್ಕೆ ದಾರಿ.

ಸಾಲ ಇನ್ನೂ ದೊಡ್ಡದಾದರೆ ಪಬ್ಲಿಕ್ ಸರ್ವಿಸ್ ಲೋನ್ ಫರ್ಗಿವ್‌ನೆಸ್ ಎಂಬ ಇನ್ನೊಂದು ಯೋಜನೆಯನ್ನು ತೂಗಿ ನೋಡಬೇಕು. 2007ರ ಕಾನೂನಿನದು. ಸರ್ಕಾರಿ ಶಾಲೆ ಯಾವುದಾದರೂ ಸರಿ, ವಿಷಯ ಯಾವುದಾದರೂ ಸರಿ, 120 ಕಂತು ಕಟ್ಟಿದ ಮೇಲೆ ಉಳಿದಷ್ಟೂ ಮನ್ನಾ. ಒಂದೇ ಅವಧಿಯ ಕೆಲಸವನ್ನು ಎರಡೂ ಯೋಜನೆಗೆ ತೋರಿಸುವಂತಿಲ್ಲ. ಐದು ವರ್ಷಕ್ಕೆ 17,500 ತೆಗೆದುಕೊಂಡರೆ ಆ 60 ಕಂತು 120ರ ಲೆಕ್ಕದಿಂದ ಹೊರಗೆ. ಹೊಸದಾಗಿ ಹತ್ತು ವರ್ಷ, ಒಟ್ಟು ಹದಿನೈದು. ಸ್ಥೂಲ ಲೆಕ್ಕ ಹೀಗೆ: 17,500ನ್ನು 60ರಿಂದ ಭಾಗಿಸಿದರೆ ಸುಮಾರು 292. ನಿಮ್ಮ ತಿಂಗಳ ಕಂತು ಇದಕ್ಕಿಂತ ಹೆಚ್ಚಿದ್ದು, ಹತ್ತು ವರ್ಷದ ಕೊನೆಗೂ ದೊಡ್ಡ ಬಾಕಿ ಉಳಿಯುವಂತಿದ್ದರೆ, ಐದನೇ ವರ್ಷದ ಹಣಕ್ಕೆ ಕೈಚಾಚದೆ ನೇರ 120ಕ್ಕೆ ನಡೆಯುವುದು ಮೇಲು. 5,000 ಮಾತ್ರ ಸಿಗುವವರಿಗೆ ಈ ಗಡಿ ತಿಂಗಳಿಗೆ 83 ಡಾಲರ್‌ಗೇ ಬಂದುಬಿಡುತ್ತದೆ.

ಅರ್ಜಿಯ ನಮೂನೆ ಕೆಲವೇ ಪುಟದ್ದು. ಹಾಗಿದ್ದೂ ವಾಪಸು ಬರುತ್ತದೆ, ಸಣ್ಣ ತಪ್ಪುಗಳ ಕಾರಣಕ್ಕೆ. ಐದನೇ ವರ್ಷ ಮುಗಿಯುವ ಮೊದಲೇ ಸಹಿ ಮಾಡಿಸಿ ಕಳಿಸುವುದು, ಕೊನೆಯ ತಾರೀಖಿನ ಜಾಗದಲ್ಲಿ ‘ಈವರೆಗೆ’ ಎಂದು ಬರೆಯುವುದು, ಶಾಲೆಯ ಹೆಸರು ಪಟ್ಟಿಯಲ್ಲಿರುವ ಹೆಸರಿಗೆ ಹೊಂದದಿರುವುದು. ದೃಢೀಕರಣಕ್ಕೆ ಸಹಿ ಹಾಕಬೇಕಾದವರು ಶಾಲೆಯ ಮುಖ್ಯ ಆಡಳಿತಾಧಿಕಾರಿ, ಅಂದರೆ ನೌಕರಿಯ ದಾಖಲೆ ನೋಡಿ ಸಹಿ ಹಾಕುವ ಅಧಿಕಾರ ಇರುವವರು. ಪಕ್ಕದ ಕೋಣೆಯ ಹಿರಿಯ ಟೀಚರ್ ಅಲ್ಲ. ಎರಡು ಶಾಲೆಯಲ್ಲಿ ಕೆಲಸ ಮಾಡಿದ್ದರೆ ಎರಡರಿಂದಲೂ ದೃಢೀಕರಣ ಬೇಕು. ಮೊದಲ ಶಾಲೆ ಬಿಡುವ ವಾರದಲ್ಲೇ ಸೇರಿದ, ಬಿಟ್ಟ ತಾರೀಖು, ವಿಷಯ, ತರಗತಿ ಇರುವ ಪತ್ರವೊಂದನ್ನು ಶಾಲೆಯ ಕಾಗದದಲ್ಲಿ ಮಾಡಿಸಿಟ್ಟುಕೊಳ್ಳಿ. ನಾಲ್ಕು ವರ್ಷದ ನಂತರ ಹೋದಾಗ ಆ ಕಚೇರಿಯಲ್ಲಿ ನಿಮ್ಮ ಮುಖ ಗೊತ್ತಿರುವವರು ಉಳಿದಿರುತ್ತಾರೆ ಎಂದೇನಿಲ್ಲ. ಸಾಲ, ಕಂತು ವಸೂಲಿ ನೋಡಿಕೊಳ್ಳುವ ಇಬ್ಬರು ಸರ್ವಿಸರ್‌ಗಳ ಬಳಿ ಹಂಚಿಹೋಗಿದ್ದರೆ ಅರ್ಜಿಯೂ ಇಬ್ಬರಿಗೂ ಹೋಗಬೇಕು.

ಟೀಚ್ ಗ್ರಾಂಟ್ ವಿಷಯದಲ್ಲಿ ಎಚ್ಚರ ಇನ್ನೂ ಜಾಸ್ತಿ ಬೇಕು. ಕೊರತೆಯ ವಿಷಯದ ಶಿಕ್ಷಕರಾಗುತ್ತೇವೆ ಎಂದು ಬರೆದುಕೊಟ್ಟ ವಿದ್ಯಾರ್ಥಿಗೆ ವರ್ಷಕ್ಕೆ 4,000 ಡಾಲರ್ ವರೆಗೆ ಸಿಗುತ್ತದೆ. ಹೆಸರಿಗೆ ಅನುದಾನ. ಓದು ಮುಗಿದ ಎಂಟು ವರ್ಷದೊಳಗೆ ನಾಲ್ಕು ವರ್ಷ ಪಟ್ಟಿಯ ಶಾಲೆಯಲ್ಲಿ ಪಾಠ ಹೇಳದಿದ್ದರೆ ಅಷ್ಟೂ ಸಾಲವಾಗಿ ಬದಲಾಗುತ್ತದೆ, ಅದೂ ಹಣ ಕೈಗೆ ಬಂದ ದಿನದಿಂದ ಬಡ್ಡಿ ಸೇರಿಸಿ. ಪಾಠ ಹೇಳುತ್ತಿದ್ದರೂ ವರ್ಷದ ಕಾಗದ ತಡವಾಯಿತೆಂದು ಸಾಲವಾಗಿ ಬದಲಾದವರೂ ಎಷ್ಟೋ ಮಂದಿ. 2021ರ ಜುಲೈನಿಂದ ನಿಯಮ ಸಡಿಲವಾಗಿ, ಕಾಗದದ ತಪ್ಪಿಗೆ ಹೀಗಾಗುವುದು ಕಡಿಮೆಯಾಗಿದೆ.

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಎಂ.ಎಸ್ಸಿ., ಬಿ.ಎಡ್. ಮಾಡಿ ಹೋಗಿ ಅಲ್ಲಿ ಗಣಿತ ಹೇಳಬೇಕೆನ್ನುವವರಿಗೆ ಒಂದು ಮಾತು. ಊರಿನ ಬ್ಯಾಂಕಿನಲ್ಲಿ ಮಾಡಿದ ವಿದ್ಯಾಸಾಲಕ್ಕೆ ಇದ್ಯಾವುದೂ ಅನ್ವಯವಾಗದು. ಫೆಡರಲ್ ಸಾಲ ಸಿಗುವುದು ಅಲ್ಲಿನ ನಾಗರಿಕರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮತ್ತು ಇನ್ನು ಕೆಲವೇ ವರ್ಗದವರಿಗೆ. ಕೆಲಸದ ಎಚ್-1ಬಿ, ಅವರ ಮನೆಯವರ ಎಚ್-4 ವೀಸಾದವರು ಆ ಪಟ್ಟಿಯಲ್ಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಅಲ್ಲಿಯೇ ಟೀಚಿಂಗ್ ಕೋರ್ಸ್‌ಗೆ ಸಾಲ ಮಾಡಿದರೆ ಆ ಸಾಲಕ್ಕೆ ಅನ್ವಯಿಸುತ್ತದೆ. ಆದರೆ ಸಾಲ ಹುಟ್ಟಿರಬೇಕಾದದ್ದು ಎಣಿಸುವ ಐದು ವರ್ಷ ಮುಗಿಯುವ ಮೊದಲು.